ಠಾಣೆಯೂ ಸಮುದಾಯ ಭವನವೂ ಒಂದೇ ಸೂರಿನಡಿ: ಖರ್ಚು ಯಾರದು?

"ನಮ್ಮ ಮನೆತನದಲ್ಲಿ ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ" ಎಂದು ಹಿರಿಯರು ಹೆಮ್ಮೆಯಿಂದ ಹೇಳುವುದನ್ನು ನೀವು ಕೇಳಿರಬಹುದು. ಈ ಮಾತಿನಲ್ಲಿ ಒಂದು ವಿಚಿತ್ರವಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತದಿದ್ದರೆ ಅದು ಅದೃಷ್ಟ. ಠಾಣೆಯ ಮೆಟ್ಟಿಲು ಹತ್ತದಿದ್ದರೆ ಅದು ಮರ್ಯಾದೆ! ಅಂಚೆ ಕಚೇರಿಯ ಹಾಗೆ, ಗ್ರಂಥಾಲಯದ ಹಾಗೆ ಠಾಣೆಯೂ ಸಾರ್ವಜನಿಕರ ಹಣದಲ್ಲಿ ನಡೆಯುವ ಒಂದು ಕಚೇರಿಯೇ. ಆದರೂ ಅಂಕಪಟ್ಟಿ ಕಳೆದುಹೋಗಿ, ದೂರು ಕೊಟ್ಟಿದ್ದಕ್ಕೆ ಚೀಟಿ ತರಲೇಬೇಕಾದಾಗ ಮಾತ್ರ ವಿದ್ಯಾರ್ಥಿಯೊಬ್ಬ ಅತ್ತ ಹೆಜ್ಜೆ ಹಾಕುತ್ತಾನೆ. ಅದೂ ಚಿಕ್ಕಪ್ಪನನ್ನೋ ಪರಿಚಯದ ವಕೀಲರನ್ನೋ ಜೊತೆಗೆ ಕರೆದುಕೊಂಡು.

ಈ ಅಂಜಿಕೆ ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ಅನೇಕ ನಗರಗಳಲ್ಲಿ, ಅದರಲ್ಲೂ ಬಡವರೂ ಹೊಸದಾಗಿ ವಲಸೆ ಬಂದವರೂ ವಾಸಿಸುವ ಕಡೆಗಳಲ್ಲಿ, ಜನರಿಗೂ ಪೊಲೀಸರಿಗೂ ನಡುವೆ ಇದಕ್ಕಿಂತ ಆಳವಾದ ಕಂದಕವಿದೆ. ಅದನ್ನು ಮುಚ್ಚಲು ಅಲ್ಲಿ ಹಲವು ನಗರಗಳು ಒಂದು ಉಪಾಯ ಹೂಡಿದವು. ಒಂದು ಕಟ್ಟಡ; ಅದರ ಒಂದು ಭಾಗದಲ್ಲಿ ಪೊಲೀಸ್ ಉಪಠಾಣೆ (ನಾವು ಹೊರಠಾಣೆ ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ), ಇನ್ನೊಂದು ಭಾಗದಲ್ಲಿ ಬಡಾವಣೆಯ ಸಮುದಾಯ ಭವನ. ಮಕ್ಕಳಿಗೆ ಸಂಜೆ ಪಾಠ, ಮುದುಕರಿಗೆ ಹರಟೆಗೊಂದು ಜಾಗ, ಸಭೆಗೊಂದು ಹಜಾರ. ಪಕ್ಕದಲ್ಲೇ ದೂರು ಕೇಳಿಸಿಕೊಳ್ಳಲು ಒಬ್ಬ ಪೊಲೀಸ್ ಅಧಿಕಾರಿ. ಕೇಳಲು ಸೊಗಸಾಗಿದೆ. ಆದರೆ ಇಂಥ ಕಟ್ಟಡದ ಗುಣವನ್ನು ಅದರ ನಕ್ಷೆಗಿಂತ ಹೆಚ್ಚಾಗಿ ಅದರ ಲೆಕ್ಕದ ಪುಸ್ತಕ ತೀರ್ಮಾನಿಸುತ್ತದೆ. ಯಾರು ಕಟ್ಟಿಸಿದರು, ಕಟ್ಟಿಸಿದ ಮೇಲೆ ಪ್ರತಿ ತಿಂಗಳೂ ಯಾರು ದುಡ್ಡು ಕೊಡುತ್ತಾರೆ ಎಂಬುದನ್ನು ತಿಳಿದರೆ, ಆ ಭವನ ನಿಜವಾಗಿ ಯಾರದು ಎಂಬುದೂ ತಿಳಿಯುತ್ತದೆ.

ಮೊದಲು ಒಂದು ಮುಖ್ಯ ಸಂಗತಿ. ಅಮೆರಿಕದಲ್ಲಿ ನಗರದ ಪೊಲೀಸರು ಸಾಮಾನ್ಯವಾಗಿ ಆ ನಗರಾಡಳಿತದ ನೌಕರರೇ. ದೇಶದಲ್ಲೆಲ್ಲ ಸೇರಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ; ಬಹುಪಾಲು ಸಣ್ಣಪುಟ್ಟ ಊರುಗಳವು. ಉದ್ಯಾನಕ್ಕೆ ಎಷ್ಟು, ರಸ್ತೆಗೆ ಎಷ್ಟು, ಪೊಲೀಸರಿಗೆ ಎಷ್ಟು ಎಂಬುದನ್ನು ಒಂದೇ ನಗರಸಭೆ, ಒಂದೇ ಮುಂಗಡ ಪತ್ರದಲ್ಲಿ ನಿರ್ಧರಿಸುತ್ತದೆ. ಆದ್ದರಿಂದಲೇ ಉದ್ಯಾನ ಇಲಾಖೆಯೂ ಪೊಲೀಸ್ ಇಲಾಖೆಯೂ ಒಂದೇ ಕಟ್ಟಡದಲ್ಲಿ ಕೂಡುವ ಯೋಚನೆ ಅಲ್ಲಿ ಸುಲಭವಾಗಿ ಹುಟ್ಟುತ್ತದೆ. ನಮ್ಮಲ್ಲಿ ಏಕೆ ಸುಲಭವಲ್ಲ ಎಂಬುದನ್ನು ಮುಂದೆ ನೋಡೋಣ.

ಕಟ್ಟಡಕ್ಕೆ ಹಣ ಎಲ್ಲಿಂದ? ನಗರದ ಸ್ವಂತ ತೆರಿಗೆಯಿಂದ ಸ್ವಲ್ಪ. ದೊಡ್ಡ ಮೊತ್ತ ಬೇಕಾದರೆ ನಗರವು ಬಾಂಡ್ ಎಂಬ ಸಾಲಪತ್ರಗಳನ್ನು ಮಾರಿ ಹಣ ಎತ್ತುತ್ತದೆ. ಆ ಸಾಲವನ್ನು ಇಪ್ಪತ್ತು ಮೂವತ್ತು ವರ್ಷಗಳ ಕಾಲ ಆಸ್ತಿ ತೆರಿಗೆಯಿಂದ ತೀರಿಸುತ್ತದೆ. ಇದಕ್ಕೆ ಅನೇಕ ರಾಜ್ಯಗಳಲ್ಲಿ ಮತದಾರರ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯಾದಲ್ಲಂತೂ ನಗರವೊಂದು ಇಂಥ ಸಾಲ ಎತ್ತಬೇಕಾದರೆ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಹೂಂ ಅನ್ನಬೇಕು. ಈ ಪ್ರಮಾಣವನ್ನು ಶೇಕಡಾ 55ಕ್ಕೆ ಇಳಿಸುವ ಪ್ರಸ್ತಾಪ 2024ರ ನವೆಂಬರಿನಲ್ಲಿ ಮತಕ್ಕೆ ಬಂದು ಸೋತಿತು. ಬಡ ಬಡಾವಣೆಯೊಂದಕ್ಕೆ ಭವನ ಬೇಕೆಂದರೆ, ಅಲ್ಲಿಗೆ ಎಂದೂ ಕಾಲಿಡದ ಶ್ರೀಮಂತ ಬಡಾವಣೆಯವರೂ ಒಪ್ಪಬೇಕು ಎಂದಾಯಿತು.

ಅದಕ್ಕಾಗಿಯೇ ನಗರಗಳು ಇನ್ನೊಂದು ಕಡೆ ಕಣ್ಣು ಹಾಯಿಸುತ್ತವೆ. 1974ರ ಆಗಸ್ಟಿನಲ್ಲಿ ಅಧ್ಯಕ್ಷ ಫೋರ್ಡ್ ಅವರ ಸಹಿಯೊಂದಿಗೆ ಜಾರಿಗೆ ಬಂದ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯಿದೆಯು ಹಲವಾರು ಬಿಡಿ ಬಿಡಿ ಅನುದಾನಗಳನ್ನು ಒಟ್ಟುಗೂಡಿಸಿತು. ಹೀಗೆ ಹುಟ್ಟಿದ್ದು ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್. ನಾವು ಇಡಿಗಂಟಿನ ಅನುದಾನ ಎಂದು ಕರೆಯೋಣ. 50,000ಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಮಹಾನಗರ ಪ್ರದೇಶದ ನಗರಗಳಿಗೆ ಇದು ಒಂದು ಸೂತ್ರದ ಪ್ರಕಾರ ನೇರವಾಗಿ ಕೇಂದ್ರದಿಂದ ಬರುತ್ತದೆ. ಯಾವುದಕ್ಕೆ ಖರ್ಚು ಮಾಡಬೇಕೆಂಬುದನ್ನು ಬಹುಮಟ್ಟಿಗೆ ನಗರವೇ ಆರಿಸಿಕೊಳ್ಳಬಹುದು. ಆದರೆ ಒಟ್ಟು ಹಣದಲ್ಲಿ ಕನಿಷ್ಠ ಶೇಕಡಾ 70 ಭಾಗ ಕಡಿಮೆ ಮತ್ತು ಸಾಧಾರಣ ಆದಾಯದ ಜನರಿಗೆ ಪ್ರಯೋಜನವಾಗಬೇಕು.

ಈ ಅನುದಾನದ ನಿಯಮಗಳು ಓದಲು ಒಣ ಒಣ. ಆದರೂ ನಮ್ಮ ವಿಷಯದ ತಿರುಳು ಅಲ್ಲೇ ಇದೆ; ಸ್ವಲ್ಪ ತಾಳ್ಮೆಯಿಂದ ನೋಡಿ. ಸರ್ಕಾರದ ಸಾಮಾನ್ಯ ಆಡಳಿತ ನಡೆಯುವ ಕಟ್ಟಡಕ್ಕೆ ಈ ಹಣ ಬಳಸುವಂತಿಲ್ಲ. ಅಂದರೆ ನಗರಸಭೆಯ ಕಚೇರಿ ಕಟ್ಟಲಾಗದು. ಆದರೆ ಬಡವರ ಬಡಾವಣೆಯೊಳಗೇ ಇದ್ದು, ಅಲ್ಲಿನ ಜನರಿಗೆ ಸೇವೆ ಒದಗಿಸುವ ಚಿಕ್ಕ ಕೇಂದ್ರವಾದರೆ ಅಡ್ಡಿಯಿಲ್ಲ. ಉಪಠಾಣೆ ಒಳಗೆ ಬರುವುದು ಈ ಬಾಗಿಲಿನಿಂದ. ಷರತ್ತೊಂದಿದೆ: ಆ ಕೇಂದ್ರದ ಸೇವೆ ತಲುಪುವ ಪ್ರದೇಶದ ನಿವಾಸಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 51ರಷ್ಟಾದರೂ ಕಡಿಮೆ ಅಥವಾ ಸಾಧಾರಣ ಆದಾಯದವರಾಗಿರಬೇಕು. ಹಾಗಾದರೆ ಸೇವೆ ತಲುಪುವ ಪ್ರದೇಶದ ಗೆರೆ ಎಲ್ಲಿ ಎಳೆಯಬೇಕು? ಸಮುದಾಯ ಭವನಕ್ಕೆ ಬರುವವರು ಸುತ್ತಮುತ್ತಲಿನ ಹತ್ತು ಬೀದಿಯವರು. ಪೊಲೀಸರ ಗಸ್ತು ಅದರಾಚೆಗೂ ಹಬ್ಬಬಹುದು. ಅಲ್ಲಿ ಉಳ್ಳವರ ಮನೆಗಳೂ ಸೇರಿಕೊಳ್ಳಬಹುದು. ಗೆರೆ ನಾಲ್ಕು ಬೀದಿ ಆಚೆ ಹೋದರೆ ಅನುದಾನವೇ ಕೈತಪ್ಪೀತು. ಭೂಗೋಳದ ನಕ್ಷೆಯಲ್ಲಿ ಎಳೆದ ಒಂದು ಪೆನ್ಸಿಲು ಗೆರೆಗೆ ಇಷ್ಟೊಂದು ಬೆಲೆ!

ಒಂದೇ ಕಟ್ಟಡದಲ್ಲಿ ಅನುದಾನಕ್ಕೆ ಅರ್ಹವಾದ ಭಾಗವೂ ಅನರ್ಹವಾದ ಭಾಗವೂ ಇದ್ದರೆ? ಅರ್ಹವಾದ ಭಾಗ ಗೊತ್ತುಪಡಿಸಿದ ಪ್ರತ್ಯೇಕ ಜಾಗದಲ್ಲಿರಬೇಕು, ಅದರ ವೆಚ್ಚವನ್ನು ಉಳಿದದ್ದರಿಂದ ಬೇರ್ಪಡಿಸಿ ತೋರಿಸಲು ಸಾಧ್ಯವಾಗಬೇಕು. ದೂರದರ್ಶನದ ಪರದೆಯ ಮೇಲಾದರೆ ನಕ್ಷೆ ತೋರಿಸಿ ವಿವರಿಸಬಹುದಿತ್ತು. ಇಲ್ಲಿ ನೀವೇ ಕಾಗದ ಪೆನ್ಸಿಲು ತೆಗೆದುಕೊಳ್ಳಿ. 10,000 ಚದರ ಅಡಿಯ ಒಂದು ಕಾಲ್ಪನಿಕ ಕಟ್ಟಡ. ಸಮುದಾಯ ಭವನಕ್ಕೆ 6,000 ಅಡಿ, ಪೊಲೀಸರಿಗೆ 2,000 ಅಡಿ. ಉಳಿದ 2,000 ಅಡಿ ಮೊಗಸಾಲೆ, ಓಣಿ, ಶೌಚಾಲಯ. ಅಂದರೆ ಇಬ್ಬರಿಗೂ ಸೇರಿದ್ದು. ಈ ಹಂಚಿಕೆಯ ಜಾಗವನ್ನು ಮೂರಕ್ಕೆ ಒಂದರಂತೆ ಭಾಗ ಮಾಡಿದರೆ ಭವನದ ಪಾಲು 7,500 ಅಡಿ, ಪೊಲೀಸರ ಪಾಲು 2,500 ಅಡಿ. ಕಟ್ಟಡಕ್ಕೆ 30 ಲಕ್ಷ ಡಾಲರ್ ಆದರೆ ಭವನದ ಲೆಕ್ಕಕ್ಕೆ ಇಪ್ಪತ್ತೆರಡೂವರೆ ಲಕ್ಷ, ಪೊಲೀಸರ ಲೆಕ್ಕಕ್ಕೆ ಏಳೂವರೆ ಲಕ್ಷ. ಎರಡಕ್ಕೂ ಬೇರೆ ಬೇರೆ ಕಡೆಯಿಂದ ಹಣ ತಂದರೂ ಲೆಕ್ಕ ತಪ್ಪುವುದಿಲ್ಲ. ಅಣ್ಣತಮ್ಮಂದಿರು ಹಳೇ ಮನೆಯನ್ನು ಪಾಲು ಮಾಡಿಕೊಂಡಾಗ ಅಂಗಳವೂ ಬಾವಿಯೂ ಯಾರದೆಂದು ಬರೆದಿಡುತ್ತಾರಲ್ಲ, ಹಾಗೆ.

ಇಲ್ಲಿಯವರೆಗಿನದು ಸುಲಭದ ಭಾಗ. ಮನೆ ಕಟ್ಟಿ ನೋಡು ಎನ್ನುತ್ತದೆ ನಮ್ಮ ಗಾದೆ. ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ ಕಟ್ಟುವುದಕ್ಕಿಂತ ನಡೆಸುವುದೇ ಕಷ್ಟ.

ಉಪಠಾಣೆಯ ಒಂದೇ ಒಂದು ಕುರ್ಚಿಯಲ್ಲಿ ಹಗಲಿರುಳು ಒಬ್ಬರು ಕೂತಿರಬೇಕು ಎನ್ನೋಣ. ವಾರಕ್ಕೆ 168 ಗಂಟೆ. ಒಬ್ಬ ನೌಕರ ವಾರಕ್ಕೆ ದುಡಿಯುವುದು 40 ಗಂಟೆ. ಭಾಗಿಸಿದರೆ ನಾಲ್ಕು ಜನಕ್ಕೂ ಸಾಲದು. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಐದು ಜನ ಬೇಕೇ ಬೇಕು. ಒಬ್ಬರ ಸಂಬಳ, ವಿಮೆ, ಪಿಂಚಣಿ ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ಡಾಲರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ವರ್ಷಕ್ಕೆ ಐದು ಲಕ್ಷ. ಆರು ವರ್ಷಕ್ಕೆ 30 ಲಕ್ಷ! ನಮ್ಮ ಕಾಲ್ಪನಿಕ ಕಟ್ಟಡದ ಪೂರ್ತಿ ಬೆಲೆ ಒಂದೇ ಕುರ್ಚಿಗೆ ಆರು ವರ್ಷದಲ್ಲಿ ಮುಗಿಯಿತು. ಸಮುದಾಯ ಭವನದ ಮೇಲ್ವಿಚಾರಕಿ, ಕಸ ಗುಡಿಸುವವರು, ದೀಪ, ನೀರು, ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡುವ ಖರ್ಚು ಇನ್ನೂ ಬಂದಿಲ್ಲ.

ಸಾಲಪತ್ರದ ಹಣದಲ್ಲಿ ಗೋಡೆ ಕಟ್ಟಬಹುದು, ಸಂಬಳ ಕೊಡಲಾಗದು. ಇಡಿಗಂಟಿನ ಅನುದಾನದಲ್ಲಿ ಸಂಜೆಪಾಠ, ಅಪರಾಧ ತಡೆಯುವ ಕಾರ್ಯಕ್ರಮಗಳಂಥ ಸೇವೆಗಳಿಗೆ ಬಳಸಬಹುದಾದದ್ದು ಸಾಮಾನ್ಯವಾಗಿ ಶೇಕಡಾ 15 ಮಾತ್ರ. ಅದೂ ಹೊಸ ಸೇವೆಯಾಗಿರಬೇಕು, ಇಲ್ಲವೆ ಇದ್ದ ಸೇವೆ ಅಳೆಯಬಹುದಾದಷ್ಟು ಹೆಚ್ಚಾಗಿರಬೇಕು. ಇಟ್ಟಿಗೆಗೆ ಕೊಡಲು ಎಲ್ಲರೂ ಮುಂದೆ ಬರುತ್ತಾರೆ. ಇಟ್ಟಿಗೆಯ ಮೇಲೆ ಹೆಸರು ಕೆತ್ತಿಸಬಹುದು. ವಿದ್ಯುತ್ ಬಿಲ್ಲಿನ ಮೇಲೆ ಯಾರು ತಾನೆ ಹೆಸರು ಕೆತ್ತಿಸಿಯಾರು?

ಸಿಬ್ಬಂದಿಗೆಂದೇ ಬಂದ ಒಂದು ದೊಡ್ಡ ಯೋಜನೆಯ ಕಥೆಯೂ ಬೋಧಪ್ರದವಾಗಿದೆ. 1994ರ ಅಪರಾಧ ನಿಯಂತ್ರಣ ಕಾಯಿದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದಾಗ, ದೇಶದ ಬೀದಿಗಳಿಗೆ ಒಂದು ಲಕ್ಷ ಹೆಚ್ಚುವರಿ ಪೊಲೀಸರನ್ನು ಕೊಡುವುದಾಗಿ ಸಾರಲಾಯಿತು. ಕಾಪ್ಸ್ ಎಂಬ ಹೆಸರಿನ ಈ ಯೋಜನೆಗೆ ಆರು ವರ್ಷಗಳಲ್ಲಿ 880 ಕೋಟಿ ಡಾಲರ್ ವೆಚ್ಚಕ್ಕೆ ಕಾಯಿದೆ ಅನುಮತಿ ಕೊಟ್ಟಿತು. ಹೊಸದಾಗಿ ನೇಮಿಸಿದ ಪೊಲೀಸರ ಸಂಬಳದಲ್ಲಿ ಶೇಕಡಾ 75ರವರೆಗೆ, ಒಬ್ಬರಿಗೆ ಮೂರು ವರ್ಷಕ್ಕೆ ಹೆಚ್ಚೆಂದರೆ 75,000 ಡಾಲರ್, ಕೇಂದ್ರ ಕೊಡುತ್ತಿತ್ತು. ಮೂರು ವರ್ಷ ಮುಗಿದ ಮೇಲೆ? ನಗರ ತನ್ನ ಹಣದಿಂದಲೇ ಅವರನ್ನು ಮುಂದುವರಿಸಬೇಕಿತ್ತು. ಎಷ್ಟೋ ನಗರಗಳ ಹಣಕಾಸು ಅಧಿಕಾರಿಗಳಿಗೆ ನಾಲ್ಕನೆಯ ವರ್ಷವೇ ನಿದ್ದೆ ಕೆಡಿಸುವ ವರ್ಷ. ಇದರ ಅರ್ಥ ಅನುದಾನ ಕೆಟ್ಟದ್ದೆಂದಲ್ಲ. ನಾಲ್ಕನೆಯ ವರ್ಷದ ಲೆಕ್ಕವನ್ನು ಮೊದಲನೆಯ ವರ್ಷವೇ ಬರೆದಿಡದ ಯೋಜನೆಯನ್ನು ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ಹಣ ಸುರಿದರೆ ಫಲವುಂಟೇ ಎಂದು ನೀವು ಕೇಳಬಹುದು. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ 1983–84ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಅಲ್ಲಿ ಹೊಸ ಕಟ್ಟಡ ಕಟ್ಟಲಿಲ್ಲ. ಅಂಗಡಿ ಸಾಲಿನಲ್ಲಿ ಒಂದು ಜಾಗ ಹಿಡಿದು ಪುಟ್ಟ ಪೊಲೀಸ್ ಕೇಂದ್ರ ತೆರೆದರು. ಪೊಲೀಸರು ನೆರೆಹೊರೆಯ ಸಭೆ ನಡೆಸಿದರು, ಶಾಲೆ ತಪ್ಪಿಸುವ ಮಕ್ಕಳ ಕಡೆ ಗಮನ ಕೊಟ್ಟರು, ಸುದ್ದಿಪತ್ರ ಹಂಚಿದರು. ರಕ್ತದೊತ್ತಡ ಪರೀಕ್ಷೆಯ ಏರ್ಪಾಡೂ ಇತ್ತು! ಕಳ್ಳತನದ ದೂರು ಇಲ್ಲದವರಿಗೂ ರಕ್ತದೊತ್ತಡ ಇರುತ್ತದೆಯಲ್ಲ. ಒಳಗೆ ಬರಲು ಅದೊಂದು ನೆಪ. ಪೊಲೀಸ್ ಫೌಂಡೇಷನ್ ಎಂಬ ಸಂಶೋಧನಾ ಸಂಸ್ಥೆ ಈ ಪ್ರದೇಶದ ನಿವಾಸಿಗಳನ್ನೂ ಕೇಂದ್ರವಿಲ್ಲದ ಇನ್ನೊಂದು ಪ್ರದೇಶದವರನ್ನೂ ಮೊದಲು ಮತ್ತು ಆಮೇಲೆ ಪ್ರಶ್ನಿಸಿ ಹೋಲಿಸಿತು. ಕೇಂದ್ರವಿದ್ದ ಕಡೆ ಅಪರಾಧದ ಭಯ ಕಡಿಮೆಯಾಗಿತ್ತು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಪ್ರಯೋಜನ ಹೆಚ್ಚಾಗಿ ಕಂಡದ್ದು ಬಿಳಿಯರಲ್ಲಿ, ಸ್ವಂತ ಮನೆ ಇದ್ದವರಲ್ಲಿ. ಕಪ್ಪು ಜನರಿಗೂ ಬಾಡಿಗೆ ಮನೆಯವರಿಗೂ ಆ ಕೇಂದ್ರದ ಪರಿಚಯವೇ ಕಡಿಮೆಯಿತ್ತು. ಯಾರಿಗೂ ಒಳಗೆ ಬರಬೇಡಿ ಎಂದು ಹೇಳಿರಲಿಲ್ಲ. ಆದರೂ ಬಂದವರು ಮೊದಲೇ ಪೊಲೀಸರೊಂದಿಗೆ ಮಾತನಾಡಲು ಅಂಜದವರು. ಕಂದಕ ಮುಚ್ಚಲು ಹಾಕಿದ ಮಣ್ಣು ಈಗಾಗಲೇ ದಾಟಿದವರ ಕಡೆಗೇ ಬಿದ್ದಂತಾಯಿತು.

ಆದ್ದರಿಂದ ಬಾಗಿಲಿನ ಪ್ರಶ್ನೆ ಬರುತ್ತದೆ. ಒಂದೇ ಬಾಗಿಲು ಇಡಬೇಕೋ, ಎರಡು ಬಾಗಿಲೋ? ಅಣ್ಣನ ಮೇಲೆ ಮೊಕದ್ದಮೆ ಇರುವ ಹುಡುಗಿಯೊಬ್ಬಳು ಗಣಿತ ಪಾಠಕ್ಕೆ ಬರಬೇಕು. ವಾಸದ ಪರವಾನಗಿಯ ಕಾಗದ ಇಲ್ಲದ ತಾಯಿಯೊಬ್ಬಳು ಮಗುವಿನ ಲಸಿಕೆಗಾಗಿ ಬರಬೇಕು. ಸಮವಸ್ತ್ರದವರ ಮೇಜನ್ನು ದಾಟಿಯೇ ಹೋಗಬೇಕೆಂದರೆ ಇವರು ಬರುತ್ತಾರೆಯೇ? ಇನ್ನೊಂದು ಮಗ್ಗುಲೂ ಇದೆ. ಗಂಡನ ಹೊಡೆತ ತಾಳಲಾರದೆ ದೂರು ಹೇಳಲು ಬಂದ ಹೆಂಗಸು, ತನ್ನನ್ನು ಬಲ್ಲ ನೆರೆಹೊರೆಯವರೆಲ್ಲ ಕೂತ ಹಜಾರದ ಮೂಲಕ ಹಾದುಹೋಗಬೇಕೆಂದರೆ ಅರ್ಧದಲ್ಲೇ ಹಿಂತಿರುಗಿಯಾಳು. ನನಗೆ ತೋಚುವಂತೆ ಎರಡು ಬಾಗಿಲೇ ಸರಿ. ನಡುವೆ ಒಂದು ಒಳಬಾಗಿಲಿರಲಿ, ಆದರೆ ಅದರ ಚಿಲಕ ಭವನದ ಕಡೆಗಿರಲಿ.

1993ರಲ್ಲಿ ಷಿಕಾಗೋ ನಗರ ಐದು ಪೊಲೀಸ್ ವಿಭಾಗಗಳಲ್ಲಿ ಆರಂಭಿಸಿದ ಪ್ರಯೋಗ ಬೇರೆ ದಾರಿ ಹಿಡಿಯಿತು. ಜನ ಪೊಲೀಸರ ಬಳಿಗೆ ಬರುವ ಬದಲು, ಬಡಾವಣೆಯ ಚರ್ಚುಗಳಲ್ಲಿ, ಉದ್ಯಾನದ ಕಟ್ಟಡಗಳಲ್ಲಿ ನಡೆಯುವ ಸಭೆಗಳಿಗೆ ಆ ಬೀಟಿನ ಪೊಲೀಸರೇ ಹೋಗಿ ಕೂತರು. ಕಟ್ಟಡದ ಖರ್ಚಿಲ್ಲ, ಬಾಗಿಲಿನ ತಕರಾರಿಲ್ಲ. ಆದರೆ ಸಭೆ ಮುಗಿದ ಮೇಲೆ ಆ ಜಾಗದಲ್ಲಿ ಪೊಲೀಸರೂ ಇರುವುದಿಲ್ಲ ಎಂಬ ಕೊರತೆ ಉಳಿಯಿತು.

ಹಣದ ಮೂಲಕ್ಕೂ ಬಾಗಿಲಿಗೂ ಸಂಬಂಧವಿದೆ. ಕೆಲವೆಡೆ ಅಂಗಡಿ ಸಂಕೀರ್ಣದ ಮಾಲೀಕರು ಬಾಡಿಗೆ ಇಲ್ಲದೆ ಉಪಠಾಣೆಗೆ ಜಾಗ ಕೊಡುತ್ತಾರೆ. ಒಳ್ಳೆಯದೇ. ಆದರೆ ಅಂಗಡಿಯ ಮುಂದೆ ಗುಂಪುಗೂಡುವ ಹುಡುಗರ ಮೇಲೆ ಮಾಲೀಕರು ದೂರು ಕೊಟ್ಟರೆ, ಪೊಲೀಸರ ಕಿವಿ ಯಾರ ಕಡೆ ವಾಲೀತು ಎಂಬ ಸಂಶಯ ಆ ಹುಡುಗರಿಗೆ ಬಂದರೆ ತಪ್ಪೆನ್ನಲಾಗದು. ಇಡಿಗಂಟಿನ ಅನುದಾನದ ಕಟ್ಟಡಕ್ಕೆ ಈ ವಿಷಯದಲ್ಲಿ ಸ್ವಲ್ಪ ರಕ್ಷಣೆಯಿದೆ. 25,000 ಡಾಲರಿಗೂ ಹೆಚ್ಚಿನ ಅನುದಾನ ತೊಡಗಿಸಿದ ಆಸ್ತಿಯನ್ನು ನಗರವು ಗೊತ್ತಾದ ಅವಧಿ ಮುಗಿಯುವ ಮೊದಲು, ಜನರಿಗೆ ತಿಳಿಸಿ ಅವರ ಅಭಿಪ್ರಾಯ ಕೇಳದೆ ಬೇರೆ ಉಪಯೋಗಕ್ಕೆ ತಿರುಗಿಸುವಂತಿಲ್ಲ. ಮಕ್ಕಳ ಪಾಠದ ಕೋಣೆ ಸದ್ದಿಲ್ಲದೆ ಪೊಲೀಸರ ಕಡತದ ಕೋಣೆಯಾಗಲು ಬರುವುದಿಲ್ಲ. ಅಷ್ಟೇ ಅಲ್ಲ, ಈ ಹಣ ಹೇಗೆ ಖರ್ಚಾಗಬೇಕೆಂಬುದರ ಬಗ್ಗೆ ನಗರ ವರ್ಷಕ್ಕೆ ಕನಿಷ್ಠ ಎರಡು ಬಾರಿ ಬಹಿರಂಗ ವಿಚಾರಣೆ ನಡೆಸಬೇಕು. ಅಲ್ಲಿ ಎದ್ದು ನಿಂತು ಮಾತನಾಡಲು ಯಾರ ಶಿಫಾರಸೂ ಬೇಡ.

ಇನ್ನು ನಮ್ಮ ಊರಿನ ಮಾತು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಹಾನಗರ ಪಾಲಿಕೆ ಇಂಥ ಭವನ ಕಟ್ಟಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿ ನಗರಾಡಳಿತಗಳಿಗೆಂದು ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಉದ್ಯಾನವಿದೆ, ಆಟದ ಮೈದಾನವಿದೆ, ಬೀದಿದೀಪವಿದೆ, ಸ್ಮಶಾನವೂ ಇದೆ, ಪೊಲೀಸ್ ಇಲ್ಲ. ಭವನದ ಜಾಗ ಪಾಲಿಕೆಯದು, ಪೇದೆಯ ಸಂಬಳ ರಾಜ್ಯದ್ದು. ಅಮೆರಿಕದಲ್ಲಿ ಒಂದು ಮೇಜಿನ ಸುತ್ತ ಮುಗಿಯುವ ಮಾತಿಗೆ ಇಲ್ಲಿ ಎರಡು ಸರ್ಕಾರಗಳ ಕಡತ ಓಡಾಡಬೇಕು. ಸಿಂಗಪುರದಲ್ಲಿ ಈ ತೊಡಕೇ ಇಲ್ಲ, ಏಕೆಂದರೆ ಅಲ್ಲಿ ನಗರವೂ ದೇಶವೂ ಒಂದೇ. 1983ರಲ್ಲಿ ಟೋವಾ ಪಾಯೋ ಬಡಾವಣೆಯಲ್ಲಿ ಜಪಾನಿನ ಕೋಬಾನ್ ಮಾದರಿಯ ನೆರೆಹೊರೆಯ ಠಾಣೆ ತೆರೆದಾಗ, ಮನೆ ಕಟ್ಟಿಸಿದ ಸರ್ಕಾರವೂ ಪೊಲೀಸರನ್ನು ಕಳಿಸಿದ ಸರ್ಕಾರವೂ ಒಂದೇ ಆಗಿತ್ತು.

ಸಮುದಾಯ ಭವನಗಳಿಗೆ ನಮ್ಮಲ್ಲಿ ಬರವಿಲ್ಲ. 1993ರ ಡಿಸೆಂಬರಿನಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಸಂಸದರಿಗೆ ವರ್ಷಕ್ಕೆ ನಿಗದಿಯಾದ ಮೊತ್ತ 2011–12ರಿಂದ 5 ಕೋಟಿ ರೂಪಾಯಿ. ಇದು ಬಾಳಿಕೆ ಬರುವ ಆಸ್ತಿಗೆ ಮೀಸಲಾದ ಹಣ. ಸಿಬ್ಬಂದಿಯ ಸಂಬಳ, ವಿದ್ಯುತ್ ಬಿಲ್ಲುಗಳಂಥ ದಿನವಹಿ ಖರ್ಚಿಗೆ ಬಳಸುವಂತಿಲ್ಲ. ಹ್ಯೂಸ್ಟನ್‌ಗೂ ಹಾಸನಕ್ಕೂ ಇಲ್ಲಿ ವ್ಯತ್ಯಾಸವೇನೂ ಕಾಣದು. ಎರಡೂ ಕಡೆ ಗೋಡೆಗೆ ಹಣವಿದೆ, ದೀಪಕ್ಕಿಲ್ಲ. ಮದುವೆಗೆ ಬಾಡಿಗೆ ಕೊಟ್ಟ ದಿನ ಬಿಟ್ಟರೆ ಉಳಿದ ದಿನ ಬೀಗ ಬಿದ್ದಿರುವ ಭವನಗಳನ್ನು ನೀವೂ ಕಂಡಿದ್ದೀರಿ.

ನಿಮ್ಮ ಬಡಾವಣೆಯಲ್ಲಿ ಅಂಥದೊಂದು ಇದ್ದರೆ ಅದರ ಶಂಕುಸ್ಥಾಪನೆಯ ಕಲ್ಲನ್ನು ಓದಿ ನೋಡಿ. ಅನುದಾನ ಕೊಟ್ಟವರ ಹೆಸರು, ತಾರೀಖು, ಕೆಲವೊಮ್ಮೆ ಮೊತ್ತವೂ ಇರುತ್ತದೆ. ಉಳಿದದ್ದಕ್ಕೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಶುಲ್ಕ 10 ರೂಪಾಯಿ, ಉತ್ತರ ಸಾಮಾನ್ಯವಾಗಿ 30 ದಿನಗಳೊಳಗೆ ಬರಬೇಕು. ಭವನದ ವಿದ್ಯುತ್ ಬಿಲ್ಲು ಯಾವ ಲೆಕ್ಕಶೀರ್ಷಿಕೆಯಿಂದ ಪಾವತಿಯಾಗುತ್ತಿದೆ, ಕಳೆದ ವರ್ಷ ಎಷ್ಟು ದಿನ ಬಾಗಿಲು ತೆರೆದಿತ್ತು, ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ.